ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಬೌಲರ್

ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮುಧೋಳದಲ್ಲಿ ಅಂತರ ಕಾಲೇಜು ಕಬಡ್ಡಿ ಪಂದ್ಯಗಳಿದ್ದವು. ನಮ್ಮ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ಆದರೆ ಆ ದಿನ ನನ್ನ ರೇಡ್ ಚೆನ್ನಾಗಿ ನಡೆದಿತ್ತು. ಜಮಖಂಡಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಊದಿದ ಮೊಣಕಾಲಿಗೆ ನೀರಿನ ಬಾಟಲಿ ಒತ್ತಿ ಹಿಡಿದಿದ್ದೆ. ಆಗ ಒಂದು ಫೋನ್ ಬಂತು. ಮಾತಾಡಿದವರು ಯಾವ ಕಾಲೇಜಿನ ಮಾಸ್ತರೂ ಅಲ್ಲ, ಕೋಚೂ ಅಲ್ಲ. ಎರಡು ವರ್ಷ ಹಿಂದೆ ನಮ್ಮ ಕಡೆ ಆಡುತ್ತಿದ್ದ ಒಬ್ಬ ಹಿರಿಯ ಆಟಗಾರ. ಬೇರೆ ಊರಿನ ಕಾಲೇಜೊಂದರ ಹೆಸರು ಹೇಳಿ, ಅಲ್ಲಿಗೆ ಬಂದರೆ ಫೀ ಇಲ್ಲ, ಹಾಸ್ಟೆಲ್ ಪುಕ್ಕಟೆ, ಊಟ, ಬೂಟು, ತಿಂಗಳಿಗೊಂದಿಷ್ಟು ಕೈಖರ್ಚು ಎಂದರು. ಡಿಗ್ರಿ ಮುಗಿಯುವಷ್ಟರಲ್ಲಿ ಕ್ರೀಡಾ ಕೋಟಾದಲ್ಲಿ ರೈಲ್ವೆಯಲ್ಲೋ ಪೊಲೀಸ್ ಇಲಾಖೆಯಲ್ಲೋ ಏನಾದರೂ ಆಗಿಯೇ ಆಗುತ್ತದೆ ಎಂದೂ ಸೇರಿಸಿದರು. ಕೊನೆಗೆ ಒಂದು ಮಾತು, ಸದ್ಯಕ್ಕೆ ನಮ್ಮ ಸರ್‌ಗೆ ತಿಳಿಸುವುದು ಬೇಡ.

ನಮ್ಮ ಸರ್ ಎರಡು ಸೀಟು ಮುಂದೆ ನಿದ್ದೆ ಮಾಡುತ್ತಿದ್ದರು.

ನಮ್ಮ ಭಾಗದಲ್ಲಿ ಆಡುವ ಹುಡುಗರಿಗೆ ಇದು ಹೊಸದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಎಲ್ಲಿಯೇ ಆಗಲಿ, ಒಂದು ಒಳ್ಳೆಯ ಪಂದ್ಯ ಆಡಿದರೆ ಸಾಕು, ಯಾರೋ ಒಬ್ಬರು ಚಹಾದಂಗಡಿಗೆ ಕರೆಯುತ್ತಾರೆ. ಕಾಲೇಜು ನೇರವಾಗಿ ಕರೆಯುವುದಿಲ್ಲ. ಕಾಲೇಜಿನ ಹಳೆ ಆಟಗಾರ, ಅವನ ಸಂಬಂಧಿ, ಊರಿನ ಯಾವುದೋ ಯುವಕ ಮಂಡಳಿಯ ಅಣ್ಣ, ಇಂಥವರು ಕರೆಯುತ್ತಾರೆ. ಮುಂದೆ ತಕರಾರು ಬಂದರೆ ನಾವು ಕರೆದೇ ಇಲ್ಲ ಎನ್ನಲು ಎಲ್ಲರಿಗೂ ದಾರಿ ಇರುತ್ತದೆ, ಹುಡುಗನೊಬ್ಬನಿಗೆ ಬಿಟ್ಟು.

ಅಮೆರಿಕದಲ್ಲಿ ಇದಕ್ಕೊಂದು ಹೆಸರೇ ಇದೆ, ಟ್ಯಾಂಪರಿಂಗ್. ಅಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ನಮ್ಮ ಐಪಿಎಲ್‌ನಷ್ಟು ದೊಡ್ಡ ವ್ಯವಹಾರ. ಕಾಲೇಜು ಬದಲಿಸಬೇಕೆಂಬ ಆಟಗಾರ ತನ್ನ ಹೆಸರನ್ನು ಒಂದು ಪಟ್ಟಿಗೆ ಸೇರಿಸಬೇಕು. ‘ಟ್ರಾನ್ಸ್‌ಫರ್ ಪೋರ್ಟಲ್’ ಎಂಬ ಆ ವ್ಯವಸ್ಥೆ 2018ರಲ್ಲಿ ಶುರುವಾಯಿತು. ಹೆಸರು ಪಟ್ಟಿಗೆ ಬರುವ ಮುಂಚೆ ಬೇರೆ ಕಾಲೇಜಿನವರು ಅವನನ್ನು ಮಾತಾಡಿಸುವಂತಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು ಎಂದಾದ ಮೇಲೆ ಈ ಕದ್ದು ಮಾತಾಡಿಸುವ ದೂರುಗಳು ಇನ್ನಷ್ಟು ಹೆಚ್ಚಾದವು. ಅಲ್ಲಿಯೂ ಫೋನ್ ಮಾಡುವುದು ಹೆಚ್ಚಾಗಿ ಕೋಚ್ ಅಲ್ಲ, ನಡುವಿನವರು ಎಂದು ಓದಿದಾಗ ನನಗೆ ನಗು ಬಂತು. ಸಮುದ್ರದಾಚೆಗೂ ಅದೇ ಚಹಾದಂಗಡಿ.

ನಾನು ಹೋದೆ. ಅಪ್ಪ ಬನಹಟ್ಟಿಯಲ್ಲಿ ಬೇರೆಯವರ ಪವರ್‌ಲೂಮ್ ಮಗ್ಗದಲ್ಲಿ ದುಡಿಯುವವರು. ವಾರದ ಪಗಾರದಲ್ಲಿ ಮನೆ ನಡೆಯಬೇಕು, ತಂಗಿ ಪಿಯುಸಿ ಓದಬೇಕು. ಪುಕ್ಕಟೆ ಊಟ ಮತ್ತು ಹಾಸ್ಟೆಲ್ ಎಂದ ಕೂಡಲೇ ಅವ್ವ ದೇವರಿಗೆ ಕೈ ಮುಗಿದಳು. ಅಲ್ಲಿ ಏನಾಯಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು ಒಬ್ಬ ಮನುಷ್ಯರ ಬಗ್ಗೆ ಹೇಳಬೇಕು. ಅವರು ನನಗೆ ಸಿಕ್ಕಿದ್ದು ಕಳೆದ ವರ್ಷ, ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತ ಗ್ರಂಥಾಲಯದಲ್ಲಿ ಕೂತಾಗ. ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಪುಣೆ ಒಪ್ಪಂದದ ಪುಟ ತಿರುವುತ್ತಿದ್ದೆ. ಸಹಿ ಹಾಕಿದವರ ಹೆಸರುಗಳ ನಡುವೆ ಒಬ್ಬ ಕ್ರಿಕೆಟ್ ಆಟಗಾರರಿದ್ದರು, ಪಿ. ಬಾಲೂ. ಗಾಂಧಿ, ಅಂಬೇಡ್ಕರ್ ಅವರ ನಡುವಿನ ಒಪ್ಪಂದದಲ್ಲಿ ಬೌಲರ್‌ಗೇನು ಕೆಲಸ ಎಂದು ಹುಡುಕಲು ಹೊರಟೆ. ಹುಟ್ಟಿದ್ದು ಧಾರವಾಡದಲ್ಲಿ ಎಂದು ಗೊತ್ತಾದ ಮೇಲಂತೂ ಪರೀಕ್ಷೆಯ ಓದು ಎರಡು ವಾರ ಹಿಂದೆ ಬಿತ್ತು. ಇತಿಹಾಸಕಾರ ರಾಮಚಂದ್ರ ಗುಹಾ ಭಾರತದ ಕ್ರಿಕೆಟ್ ಕುರಿತು 2002ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇವರ ಬದುಕು ವಿವರವಾಗಿ ಬರುತ್ತದೆ. ಅದನ್ನು ಗೆಳೆಯನೊಬ್ಬನಿಂದ ತರಿಸಿ, ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿದೆ.

ಪಾಲ್ವಂಕರ್ ಬಾಲೂ ಹುಟ್ಟಿದ್ದು 1870ರ ದಶಕದ ನಡುಭಾಗದಲ್ಲಿ. ಮನೆತನದ ಹೆಸರು ಕೊಂಕಣ ಕಡೆಯ ಪಾಲ್ವಣ ಎಂಬ ಊರಿನದು. ಚರ್ಮದ ಕೆಲಸ ಮಾಡುವ, ಆ ಕಾಲದ ಸಮಾಜ ಮುಟ್ಟಿಸಿಕೊಳ್ಳದಿದ್ದ ಸಮುದಾಯದ ಕುಟುಂಬ. ತಂದೆಗೆ ಸೇನೆಯ ನಂಟಿನ ಕೆಲಸವಿತ್ತು. ಅದರಿಂದ ಮಕ್ಕಳು ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಸೇನಾಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಲ್ಲಿ ಬಾಲೂ ಮತ್ತು ತಮ್ಮ ಶಿವರಾಮ್ ಆಟ ಕಲಿತರು. ಬಾಲೂ ಶಾಲೆ ಬೇಗ ಬಿಟ್ಟರು. ಮನೆಗೆ ದುಡಿಮೆ ಬೇಕಿತ್ತು.

ಮೊದಲ ಕೆಲಸ ಪಾರ್ಸಿಗಳ ಕ್ರಿಕೆಟ್ ಕ್ಲಬ್‌ನಲ್ಲಿ. ಪಿಚ್ ಗುಡಿಸುವುದು, ರೋಲರ್ ಎಳೆಯುವುದು, ನಡುವೆ ಒಂದಿಷ್ಟು ಬೌಲ್ ಮಾಡುವುದು. ತಿಂಗಳಿಗೆ 3 ರೂಪಾಯಿ. ಆಮೇಲೆ ಬಿಳಿಯರ ಪೂನಾ ಕ್ಲಬ್‌ಗೆ ಹೋದರು. ಅಲ್ಲಿ 4 ರೂಪಾಯಿ. ಬದುಕಿನ ಮೊದಲ ‘ಟ್ರಾನ್ಸ್‌ಫರ್’ ಇದೇ ಎನ್ನಬಹುದು, ಲಾಭ ಒಂದು ರೂಪಾಯಿ.

ಪೂನಾ ಕ್ಲಬ್‌ನಲ್ಲಿ ಬಲೆ ಕಟ್ಟುವುದು, ಗೆರೆ ಎಳೆಯುವುದು, ಸದಸ್ಯರು ಬಂದರೆ ಅವರಿಗೆ ಬೌಲ್ ಮಾಡುವುದು ಬಾಲೂ ಕೆಲಸ. ಎಡಗೈ ನಿಧಾನಗತಿಯ ಸ್ಪಿನ್ ಅಲ್ಲಿಯೇ ಪಳಗಿತು. ಅಲ್ಲಿನ ಬಿಳಿಯರಲ್ಲಿ ದೊಡ್ಡ ಬ್ಯಾಟ್ಸ್‌ಮನ್ ಕ್ಯಾಪ್ಟನ್ ಜೆ.ಜಿ. ಗ್ರೆಗ್. ಮುಂದೆ ಈ ಸೇನಾಧಿಕಾರಿ ಪಾದ್ರಿಯಾದರು ಎಂಬುದು ಬೇರೆ ಕಥೆ. ಗ್ರೆಗ್ ಉಳಿದವರಿಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು ಬಾಲೂ ಅವರಿಂದ ಬೌಲ್ ಮಾಡಿಸಿಕೊಳ್ಳುತ್ತಿದ್ದರಂತೆ. ತನ್ನನ್ನು ಔಟ್ ಮಾಡಿದ ಪ್ರತಿ ಸಲ ಎಂಟಾಣೆ ಕೊಡುತ್ತಿದ್ದರು ಎಂಬ ಕಥೆಯೂ ಉಂಟು. ಎಂಟಾಣೆಯ ಲೆಕ್ಕ ನಿಜವಿದ್ದರೆ, ತಿಂಗಳಲ್ಲಿ ಎಂಟು ಸಲ ಗ್ರೆಗ್‌ರನ್ನು ಕೆಡವಿದರೆ ಸಂಬಳ ದುಪ್ಪಟ್ಟು.

ಆದರೆ ಅಷ್ಟು ವರ್ಷ ಬೌಲ್ ಮಾಡಿಸಿಕೊಂಡವರು ಬಾಲೂ ಕೈಗೆ ಬ್ಯಾಟ್ ಕೊಡಲಿಲ್ಲ. ಬ್ಯಾಟಿಂಗ್ ಯಜಮಾನರ ಆಟ, ಬೌಲಿಂಗ್ ಆಳಿನ ಕೆಲಸ. ಇದನ್ನು ಓದುವಾಗ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಅವರಿಗೆ ಬೇಕಿದ್ದದ್ದು ಆ ಎಡಗೈ ಮಾತ್ರ.

ಎರಡನೇ ಕರೆ ಬಂದದ್ದು ಪುಣೆಯ ಹಿಂದೂ ಕ್ಲಬ್‌ನಿಂದ. ಅವರಿಗೆ ಪೂನಾ ಕ್ಲಬ್‌ನ ಬಿಳಿಯರನ್ನು ಸೋಲಿಸುವ ಆಸೆ. ಆ ಬಿಳಿಯರಿಗೇ ದಿನವೂ ಬೌಲ್ ಮಾಡುವ, ಅವರ ಒಬ್ಬೊಬ್ಬರ ದೌರ್ಬಲ್ಯ ಬಲ್ಲ ಹುಡುಗ ಎದುರಿಗೇ ಇದ್ದ. ಎದುರಾಳಿಯ ಮನೆಯ ಆಳನ್ನು ತಮ್ಮ ಕಡೆ ಎಳೆದುಕೊಳ್ಳುವುದು, ಇಂದಿನ ಭಾಷೆಯಲ್ಲಿ ಇದೂ ಒಂದು ರೀತಿಯ ಟ್ಯಾಂಪರಿಂಗೇ. ಆದರೆ ಅವರನ್ನು ತಡೆದದ್ದು ಬಿಳಿಯರ ನಿಯಮವಲ್ಲ, ತಮ್ಮದೇ ಜಾತಿ. ಕ್ಲಬ್‌ನ ತೆಲುಗು ಸದಸ್ಯರು ಸೇರಿಸಿಕೊಳ್ಳೋಣ ಎಂದರು, ಪುಣೆಯ ಬ್ರಾಹ್ಮಣ ಸದಸ್ಯರು ಒಪ್ಪಲಿಲ್ಲ. ಇಂಥ ಬೌಲರ್‌ನನ್ನು ಜಾತಿಯ ಕಾರಣಕ್ಕೆ ಬಿಡುವುದು ದಡ್ಡತನ ಎಂಬರ್ಥದ ಮಾತನ್ನು ಗ್ರೆಗ್ ಪತ್ರಿಕೆಯೊಂದಕ್ಕೆ ಹೇಳಿದರು ಎನ್ನುತ್ತಾರೆ. ಅವರಿಗೆ ಬಾಲೂ ಮೇಲಿನ ಪ್ರೀತಿಗಿಂತ ಪಂದ್ಯದಲ್ಲಿ ಎದುರಿಸುವ ಆಸೆ ಇದ್ದಿರಬಹುದು. ಅಂತೂ ಬಾಲೂ ತಂಡಕ್ಕೆ ಬಂದರು.

ಮೈದಾನದಲ್ಲಿ ಎಲ್ಲರೂ ಅದೇ ಚೆಂಡನ್ನು ಮುಟ್ಟುತ್ತಿದ್ದರು. ಬಾಲೂ ಬೆರಳಿನಿಂದ ಹೊರಟ ಚೆಂಡನ್ನು ಬ್ರಾಹ್ಮಣ ವಿಕೆಟ್‌ಕೀಪರ್ ಹಿಡಿಯುತ್ತಿದ್ದ, ಮತ್ತೆ ಬಾಲೂಗೆ ಎಸೆಯುತ್ತಿದ್ದ. ಅಲ್ಲಿಗೆ ಯಾರ ಮಡಿಯೂ ಕೆಡುತ್ತಿರಲಿಲ್ಲ. ಚಹಾದ ವೇಳೆಗೆ ಮಾತ್ರ ಎಲ್ಲವೂ ನೆನಪಾಗುತ್ತಿತ್ತು. ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು. ಬಾಲೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. ಮುಖ ತೊಳೆಯಬೇಕೆಂದರೆ ಅವರದೇ ಸಮುದಾಯದ ಆಳು ಮೈದಾನದ ಮೂಲೆಗೆ ನೀರು ತರಬೇಕು. ಊಟಕ್ಕೆ ಬೇರೆ ತಟ್ಟೆ, ಬೇರೆ ಮೇಜು.

ಆಡಲು ಕರೆದವರು ಕೂರಲು ಕರೆದಿರಲಿಲ್ಲ. ಬಾಲೂ ಆಗ ಇಪ್ಪತ್ತರ ಆಸುಪಾಸಿನವರು. ಜಗಳವಾಡಿದ ದಾಖಲೆ ಎಲ್ಲಿಯೂ ಇಲ್ಲ. ವಿಕೆಟ್ ತೆಗೆಯುತ್ತ ಹೋದರು.

ಸಾತಾರಾದ ಪಂದ್ಯದ ಕಥೆ ನನಗೆ ಬಹಳ ಇಷ್ಟ. ಅಲ್ಲಿನ ಬಿಳಿಯರ ಜಿಮ್ಖಾನಾಕ್ಕೆ ಬಾಲೂ ಬರುವ ಸುದ್ದಿ ಮೊದಲೇ ತಲುಪಿತ್ತು. ಸ್ಪಿನ್ ತಿರುಗದಂತೆ ಅವರು ಒಂದು ವಾರ ಪಿಚ್‌ಗೆ ರೋಲರ್ ಎಳೆಸಿ ಗಟ್ಟಿ ಮಾಡಿಸಿದರು. ಪಿಚ್ ಗುಡಿಸಿ, ರೋಲರ್ ಎಳೆದೇ ಆಟ ಕಲಿತ ಮನುಷ್ಯನಿಗೆ ಪಿಚ್‌ನ ಆಟ ತೋರಿಸಲು ಹೋದರು! ಬಾಲೂ ಏಳು ವಿಕೆಟ್ ತೆಗೆದರು. ಪುಣೆಗೆ ಮರಳಿದಾಗ ಸನ್ಮಾನ ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ ಅವರು, ಜೊತೆಗೆ ಆಡಬಲ್ಲವರು ಜೊತೆಗೆ ಉಣ್ಣಲೂ ಬಲ್ಲರು ಎಂಬ ಅರ್ಥದಲ್ಲಿ ಮಾತಾಡಿದರು. ರಾನಡೆ ಅಷ್ಟು ಹೇಳಿದ ಮೇಲೂ ಮಣ್ಣಿನ ಕುಡಿಕೆ ಮರುದಿನವೇ ಮಾಯವಾಗಲಿಲ್ಲ.

ಹತ್ತೊಂಬತ್ತನೇ ಶತಮಾನ ಮುಗಿಯುವ ಮೊದಲು ಬಾಲೂ ಮುಂಬೈಗೆ ಹೋದರು. ಅಲ್ಲಿ 1894ರಲ್ಲಿ ಹುಟ್ಟಿದ್ದ ಹಿಂದೂ ಜಿಮ್ಖಾನಾಕ್ಕೆ ಬೌಲರ್ ಬೇಕಿತ್ತು. ಅಲ್ಲಿಯೂ ಕೆಲವು ಸದಸ್ಯರು ಜಾತಿ ಎತ್ತಿ ತಡೆದರು. ನಾಯಕ ಕೀರ್ತಿಕರ್ ಅವರನ್ನು ಒಪ್ಪಿಸಿ ಬಾಲೂ ಅವರನ್ನು ಸೇರಿಸಿಕೊಂಡರು. ಹೊಟ್ಟೆಪಾಡಿಗೆ ರೈಲ್ವೆ ಕಂಪನಿಯಲ್ಲಿ ಕೆಲಸ ಸಿಕ್ಕಿತು, ಅದರ ತಂಡಕ್ಕೂ ಆಡಿದರು. ಕ್ರೀಡಾ ಕೋಟಾ ಎಂಬ ಪದ ಹುಟ್ಟುವ ಎಷ್ಟೋ ಮುಂಚಿನ ಮಾತಿದು. ಇಂದಿಗೂ ನಮ್ಮ ಭಾಗದ ಹುಡುಗರು ಕಬಡ್ಡಿ, ಕುಸ್ತಿ, ಸೈಕ್ಲಿಂಗ್ ಎಂದು ಬೆಳಗಿನ ಐದಕ್ಕೆ ಏಳುವುದು ಅದೇ ರೈಲ್ವೆ ನೌಕರಿಯ ಕನಸಿನಲ್ಲಿ.

ಸಂಸ್ಥಾನಿಕರ ಕಾಲದಲ್ಲಿ ಈ ಕರೆಸಿಕೊಳ್ಳುವುದಕ್ಕೆ ಇನ್ನೂ ಮೆರುಗಿತ್ತು. ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು 1948ರವರೆಗೆ ಆಳಿದವರು. ಪಕ್ಕದ ಕೊಲ್ಹಾಪುರದ ಶಾಹೂ ಮಹಾರಾಜರು ಪೈಲ್ವಾನರನ್ನು ಎಲ್ಲೆಲ್ಲಿಂದಲೋ ಕರೆಸಿ ಅನ್ನ ಹಾಕಿ ಸಾಕಿದವರು. ನಮ್ಮ ಕಡೆಯ ಕುಸ್ತಿ ಹುಡುಗರು ಈಗಲೂ ಕೊಲ್ಹಾಪುರದ ತಾಲೀಮು ಎಂದರೆ ಕಣ್ಣರಳಿಸುತ್ತಾರೆ. ಕ್ರಿಕೆಟ್‌ನಲ್ಲಿ ಇಂದೋರಿನ ಹೋಳ್ಕರ್ ಮಹಾರಾಜರು 1923ರಲ್ಲಿ ಸಿ.ಕೆ. ನಾಯುಡು ಅವರನ್ನು ಕರೆಸಿ ತಮ್ಮ ಸೈನ್ಯದಲ್ಲಿ ಹುದ್ದೆಯನ್ನೇ ಕೊಟ್ಟರು. ನಾಯುಡು ಅವರನ್ನು ‘ಕರ್ನಲ್’ ಎಂದು ಕರೆಯುವುದು ಆ ಕಾರಣಕ್ಕೆ. ಮಹಾರಾಜರು ಕೊಟ್ಟರೆ ಹುದ್ದೆ, ಕ್ಲಬ್ ಕೊಟ್ಟರೆ ಕೂಲಿ. ಆಟ ಅದೇ.

1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಬಿಳಿಯರನ್ನು 109 ರನ್‌ಗಳಿಂದ ಸೋಲಿಸಿತು. ಬಂಗಾಳ ವಿಭಜನೆಯ ಸಿಟ್ಟು, ಸ್ವದೇಶಿಯ ಕಾವು ಇದ್ದ ಕಾಲ. ಆಳುವವರನ್ನು ಅವರದೇ ಆಟದಲ್ಲಿ ಸೋಲಿಸಿದ ಸುದ್ದಿ ದೊಡ್ಡದಾಯಿತು. ಗೆಲುವಿನ ಮೂಲ ಬಾಲೂ, ಜೊತೆಗೆ ಅದೇ ತಂಡದಲ್ಲಿ ಶಿವರಾಮ್. ಆ ಹೊತ್ತಿಗೆ ಮುಂಬೈ ತಂಡದಲ್ಲಿ ಎಲ್ಲರ ಜೊತೆ ಕೂತು ಊಟ ಮಾಡುವ ಮಟ್ಟಿಗೆ ಬಂದಿತ್ತು. ಪುಣೆಯ ಕುಡಿಕೆಯಿಂದ ಮುಂಬೈಯ ತಟ್ಟೆಯವರೆಗೆ ಬರಲು ಸುಮಾರು ಹತ್ತು ವರ್ಷ ಹಿಡಿಯಿತು.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡ್‌ಗೆ ಹೋಯಿತು. ನಾಯಕ ಪಟಿಯಾಲದ ಯುವ ಮಹಾರಾಜ ಭೂಪಿಂದರ್ ಸಿಂಗ್. ಅವರು ಕೆಲವೇ ಪಂದ್ಯ ಆಡಿ, ಔತಣ ಮತ್ತು ರಾಜಮನೆತನಗಳ ಭೇಟಿಗೆ ಹೊರಟರು. ಅವರ ಆಪ್ತ ಕಾರ್ಯದರ್ಶಿಯಾಗಿದ್ದ ಪಾರ್ಸಿ ಬ್ಯಾಟ್ಸ್‌ಮನ್ ಮಿಸ್ತ್ರಿ ಕೂಡ ಬಹುತೇಕ ಪಂದ್ಯಗಳಿಗೆ ಸಿಗಲಿಲ್ಲ. ಮಹಾರಾಜರ ಅನ್ನ ಉಂಡ ಮೇಲೆ ಮಹಾರಾಜರ ಹಿಂದೆ ಹೋಗಲೇಬೇಕಲ್ಲ. ತಂಡ ಸೋತದ್ದೇ ಹೆಚ್ಚು. ಆದರೆ ಮೂವತ್ತೈದು ದಾಟಿದ್ದ, ಭುಜ ನೋಯುತ್ತಿದ್ದ ಬಾಲೂ ಆ ಪ್ರವಾಸದಲ್ಲಿ ಒಟ್ಟು 114 ವಿಕೆಟ್ ತೆಗೆದರು, ಸರಾಸರಿ 19ಕ್ಕೂ ಕಡಿಮೆ. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ ಅವರ ಒಟ್ಟು ವಿಕೆಟ್ 179. ಭಾರತಕ್ಕೆ ಟೆಸ್ಟ್ ಮಾನ್ಯತೆ ಸಿಕ್ಕಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ಕಾಲ ಮುಗಿದಿತ್ತು. ಅದಕ್ಕೇ ದಾಖಲೆ ಪುಸ್ತಕದಲ್ಲಿ ಅವರ ಹೆಸರು ಹುಡುಕಬೇಕು.

ಪ್ರವಾಸದಿಂದ ಮರಳಿದಾಗ ಮುಂಬೈಯ ದಲಿತ ಸಮುದಾಯದವರು ಅವರಿಗೆ ಸನ್ಮಾನ ಮಾಡಿದರು. ಅವರಲ್ಲಿ ಓದುತ್ತಿದ್ದ ಒಬ್ಬ ಯುವಕನಿಗೆ ಬಾಲೂ ಅಂದರೆ ಹೆಮ್ಮೆ. ಆ ಯುವಕ ಭೀಮರಾವ್ ಅಂಬೇಡ್ಕರ್.

ಇನ್ನು ನಾಯಕತ್ವದ ಮಾತು. ತಂಡದಲ್ಲಿ ಹಿರಿಯರು, ಎಲ್ಲರಿಗಿಂತ ಹೆಚ್ಚು ವಿಕೆಟ್ ತೆಗೆದವರು, ಪಿಚ್ ಓದಬಲ್ಲವರು ಬಾಲೂ. ಆದರೂ ಹಿಂದೂ ತಂಡದ ನಾಯಕರಾಗಲಿಲ್ಲ. 1913ರಲ್ಲಿ ನಾಯಕರಾದ ಎಂ.ಡಿ. ಪೈ ಸನ್ಮಾನ ಸಭೆಯಲ್ಲಿ, ಈ ಗೌರವ ಹಿರಿಯರಾದ ಬಾಲೂಗೆ ಸಲ್ಲಬೇಕಿತ್ತು ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಪೈ ದೊಡ್ಡವರು, ಆದರೆ ಹುದ್ದೆ ಕೊಡುವುದು ಅವರ ಕೈಯಲ್ಲಿರಲಿಲ್ಲ. 1920ರಲ್ಲಿ ವಿಷಯ ಸಿಡಿಯಿತು. ಬಾಲೂ ಅವರನ್ನು ಕೈಬಿಟ್ಟದ್ದಕ್ಕೆ ಮತ್ತು ತಮ್ಮ ಕುಟುಂಬಕ್ಕೆ ಆಗುತ್ತಿದ್ದ ಅವಮಾನಕ್ಕೆ ಪ್ರತಿಯಾಗಿ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ತಂಡದಿಂದ ಹೊರನಡೆದರು. ಇಲ್ಲಿಯವರೆಗೆ ಕ್ಲಬ್‌ಗಳು ಇವರನ್ನು ಕರೆಯುತ್ತಿದ್ದವು, ಬಿಡುತ್ತಿದ್ದವು. ಮೊದಲ ಸಲ ಇವರೇ ಕ್ಲಬ್ ಬಿಟ್ಟರು. ಬಿಟ್ಟದ್ದು ಹೆಚ್ಚು ಹಣಕ್ಕಲ್ಲ. ಆಡಳಿತದವರು ಬಗ್ಗಿದರು, ಬಾಲೂ ಉಪನಾಯಕರಾದರು, ತಮ್ಮಂದಿರು ಮರಳಿದರು. ಪೈ ಪಂದ್ಯದ ನಡುವೆ ಸ್ವಲ್ಪ ಹೊತ್ತು ಬೇಕೆಂದೇ ಮೈದಾನ ಬಿಟ್ಟು ಹೋದರು. ಅಷ್ಟು ಹೊತ್ತು ಬಾಲೂ ತಂಡವನ್ನು ನಡೆಸಿದರು. ಅಷ್ಟೇ ಅವರ ಪಾಲಿಗೆ ಬಂದದ್ದು. ಪೂರ್ತಿ ನಾಯಕತ್ವ ಬಂದದ್ದು ತಮ್ಮ ವಿಠ್ಠಲ್‌ಗೆ, 1923ರಲ್ಲಿ. ಆ ವರ್ಷ ಹಿಂದೂ ತಂಡ ಬಿಳಿಯರನ್ನು ಸೋಲಿಸಿ ಟ್ರೋಫಿ ಗೆದ್ದಿತು.

ಈಗ ನನ್ನ ಕಥೆಗೆ ಬರುತ್ತೇನೆ. ಹೊಸ ಕಾಲೇಜಿನಲ್ಲಿ ಹಾಸ್ಟೆಲ್ ಸಿಕ್ಕಿತು, ಊಟ ಸಿಕ್ಕಿತು, ಎರಡು ತಿಂಗಳು ಕೈಖರ್ಚೂ ಸಿಕ್ಕಿತು. ಸಿಗದೇ ಹೋದದ್ದು ಕಾಗದ. ವರ್ಷದ ನಡುವೆ ಬಂದವನು ನಾನು, ಹಳೆ ಕಾಲೇಜಿನಿಂದ ಟಿಸಿ ಬಂದಿರಲಿಲ್ಲ, ಪ್ರವೇಶ ಪಕ್ಕಾ ಆಗಿರಲಿಲ್ಲ, ಆದ್ದರಿಂದ ವಿಶ್ವವಿದ್ಯಾಲಯಕ್ಕೆ ಕಳಿಸುವ ಅರ್ಹತಾ ಪಟ್ಟಿಯಲ್ಲಿ ನನ್ನ ಹೆಸರು ಬರುವಂತಿರಲಿಲ್ಲ. ಇದನ್ನು ಯಾರೂ ನನಗೆ ಮೊದಲು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಪಂದ್ಯದ ಹಿಂದಿನ ರಾತ್ರಿ ಆ ಹಿರಿಯ ಆಟಗಾರ ಬಂದು, ಪಟ್ಟಿಯಲ್ಲಿರುವ ಇನ್ನೊಬ್ಬ ಹುಡುಗನ ಹೆಸರಲ್ಲಿ ಆಡು, ಎಲ್ಲಾ ಕಡೆ ನಡೆಯುತ್ತದೆ ಎಂದರು. ಉಂಡ ಊಟ ನೆನಪಾಯಿತು. ಒಪ್ಪಿದೆ.

ಎರಡನೇ ಪಂದ್ಯದಲ್ಲಿ ಎದುರಿಗೆ ನಿಂತದ್ದು ನನ್ನ ಹಳೆಯ ಕಾಲೇಜು. ಅವರ ಡಿಫೆಂಡರ್ ಬೀಳಗಿ ಕಡೆಯ ಹುಡುಗ, ಆಲಮಟ್ಟಿ ಹಿನ್ನೀರಲ್ಲಿ ಹೊಲ ಕಳೆದುಕೊಂಡು ಪುನರ್ವಸತಿ ಕೇಂದ್ರದಲ್ಲಿ ಬೆಳೆದವನು. ಎರಡು ವರ್ಷ ನಾವಿಬ್ಬರೂ ಒಂದೇ ಡಬ್ಬಿಯಲ್ಲಿ ಊಟ ಮಾಡಿದವರು. ರೆಫರಿ ನನ್ನನ್ನು ಬೇರೆ ಹೆಸರಿನಿಂದ ಕರೆದಾಗ ಅವನು ನನ್ನ ಮುಖ ನೋಡಿದ. ಒಂದು ಮಾತು ಹೇಳಿದ್ದರೆ ನಮ್ಮ ತಂಡವೇ ಹೊರಗೆ. ಹೇಳಲಿಲ್ಲ. ಆದರೆ ನಾನು ರೇಡ್‌ಗೆ ಹೋದಾಗಲೆಲ್ಲ ಅವನು ನನ್ನನ್ನು ಹಿಡಿಯಲು ಬರಲಿಲ್ಲ, ಕೈ ಕಟ್ಟಿ ಹಿಂದೆ ಸರಿದು ನಿಂತ. ಆ ಪಂದ್ಯ ನಾವು ಗೆದ್ದೆವು. ನಾನು ಆಡಿದ ಪಂದ್ಯಗಳಲ್ಲಿ ಅಷ್ಟು ಹೊಲಸು ಅನ್ನಿಸಿದ ಪಂದ್ಯ ಇನ್ನೊಂದಿಲ್ಲ.

ಟೂರ್ನಿ ಗೆದ್ದ ತಂಡಕ್ಕೆ ಪ್ರಮಾಣಪತ್ರ ಬಂದವು. ನನ್ನ ಆಟದ ಪ್ರಮಾಣಪತ್ರ ಆ ಇನ್ನೊಬ್ಬ ಹುಡುಗನ ಹೆಸರಲ್ಲಿತ್ತು. ಅವನೂ ಬಡವ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಕ್ರೀಡಾ ಕೋಟಾದ ಅರ್ಜಿಗೆ ಲಗತ್ತಿಸಬೇಕಾದ ಕಾಗದ ಅದೇ. ಮುಂದಿನ ಪಂದ್ಯದಲ್ಲಿ ಮೊಣಕಾಲು ಮತ್ತೆ ತಿರುಚಿತು. ತಿಂಗಳೊಳಗೆ ಹಾಸ್ಟೆಲ್ ಕೋಣೆ ಬೇರೆ ಆಟಗಾರನಿಗೆ ಬೇಕಾಗಿದೆ ಎಂದರು. ಆ ವರ್ಷದ ಪರೀಕ್ಷೆ ಎರಡೂ ಕಡೆ ತಪ್ಪಿತು. ನನಗೆ ಮೋಸವಾಯಿತು ಎಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ಬೇರೆಯವನ ಹೆಸರಿಗೆ ಓಗೊಟ್ಟದ್ದು ನಾನೇ ಎಂಬುದನ್ನು ಹೇಳಲು ಇಷ್ಟು ದಿನ ಬೇಕಾಯಿತು.

ಬಾಲೂ ಬದುಕಿನಲ್ಲಿಯೂ ಇಂಥದೊಂದು ಕೊನೆಯ ಕರೆ ಇದೆ. ಅದನ್ನು ಬಿಟ್ಟರೆ ಅವರ ಕಥೆ ಸುಲಭವಾಗಿ ಮುಗಿಯುತ್ತದೆ, ಆದರೆ ಬಿಡುವುದು ಸರಿಯಲ್ಲ. 1932ರ ಸೆಪ್ಟೆಂಬರ್‌ನಲ್ಲಿ ಪುಣೆ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಬಾಲೂ ರಾಜಕೀಯಕ್ಕೆ ಬಂದರು. ಮೊದಲು ಹಿಂದೂ ಮಹಾಸಭಾದಿಂದ ಮುಂಬೈ ನಗರಸಭೆಗೆ ನಿಂತು ಸೋತರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಕಣಕ್ಕಿಳಿಸಿತು, ಅದೂ ಅಂಬೇಡ್ಕರ್ ಅವರ ಎದುರು. ಅಂಬೇಡ್ಕರ್ ಅವರನ್ನು ಸೋಲಿಸಲು ಕಾಂಗ್ರೆಸ್‌ಗೆ ಅದೇ ಸಮಾಜಗಳು ಗೌರವಿಸುವ ದೊಡ್ಡ ಹೆಸರೊಂದು ಬೇಕಿತ್ತು. ಪುಣೆಯ ಹಿಂದೂಗಳಿಗೆ ಬಿಳಿಯರನ್ನು ಸೋಲಿಸಲು ಎಡಗೈ ಬೇಕಿದ್ದಂತೆಯೇ. ಎಣಿಕೆ ಮುಗಿದಾಗ ಅಂಬೇಡ್ಕರ್ ಅವರಿಗೆ 13,245 ಮತ, ಬಾಲೂಗೆ 11,225.

ಬಾಲೂ ಯಾಕೆ ಒಪ್ಪಿದರು ಎಂದು ನಾನು ಬಹಳ ಯೋಚಿಸಿದೆ. ಅವರಿಗೆ ಗಾಂಧೀಜಿ ಮಾತಿನಲ್ಲಿ ನಂಬಿಕೆ ಇತ್ತು. ಹಿಂದೂ ಸಮಾಜ ನಿಧಾನವಾಗಿಯಾದರೂ ಬದಲಾಗುತ್ತದೆ ಎಂಬುದನ್ನು ಕುಡಿಕೆಯಿಂದ ತಟ್ಟೆಯವರೆಗೆ ತಮ್ಮ ಬದುಕಿನಲ್ಲೇ ಕಂಡಿದ್ದರು. ಅಂಬೇಡ್ಕರ್‌ಗೆ ಆ ನಿಧಾನ ಸಾಕಾಗಿತ್ತು. ಇಬ್ಬರಲ್ಲಿ ನನ್ನ ಮನಸ್ಸು ಅಂಬೇಡ್ಕರ್ ಕಡೆಗೇ ವಾಲುತ್ತದೆ. ಬಾಲೂ ಅವರನ್ನು ಅಂದು ಕರೆದವರಿಗೆ ಅವರ ನಂಬಿಕೆಗಿಂತ ಅವರ ಹೆಸರೇ ಹೆಚ್ಚು ಬೇಕಿತ್ತು ಎಂದು ಅನ್ನಿಸುತ್ತದೆ. ಆದರೆ ಒಬ್ಬ ಮನುಷ್ಯ ಅರವತ್ತರ ವಯಸ್ಸಿನಲ್ಲಿ ಯಾರ ಕರೆಗೆ ಯಾಕೆ ಒಪ್ಪಿಕೊಂಡ ಎಂದು ತೀರ್ಪು ಕೊಡಲು ನಾನು ಯಾರು? ಪುಕ್ಕಟೆ ಊಟಕ್ಕೆ ಹೆಸರನ್ನೇ ಬದಲಿಸಿಕೊಂಡವನು.

ಬಾಲೂ 1955ರ ಜುಲೈನಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಅಷ್ಟರಲ್ಲಿ ತಮ್ಮ ವಿಠ್ಠಲ್ ತಮ್ಮ ಆಟದ ಬದುಕನ್ನು ಮರಾಠಿಯಲ್ಲಿ ಬರೆದಿಟ್ಟಿದ್ದರು. ಅಣ್ಣನ ಬಗ್ಗೆ ನಮಗೆ ಇಷ್ಟಾದರೂ ಗೊತ್ತಿರುವುದಕ್ಕೆ ಅದೂ ಕಾರಣ.

ನಾನು ಡಿಗ್ರಿಯನ್ನು ಒಂದು ವರ್ಷ ತಡವಾಗಿ, ಹಳೆಯ ಕಾಲೇಜಿನಲ್ಲಿಯೇ ಮುಗಿಸಿದೆ. ಸರ್ ಸೇರಿಸಿಕೊಂಡರು. ಬೈಯಲಿಲ್ಲ. ಮೊಣಕಾಲು ಹೇಗಿದೆ ಎಂದು ಕೇಳಿದರು, ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಬೀಳಗಿಯ ಗೆಳೆಯ ಸುಮಾರು ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟಿದ್ದ.

ಕಳೆದ ತಿಂಗಳು ಅವನೇ ಫೋನ್ ಮಾಡಿದ. ಅವನ ಚಿಕ್ಕಪ್ಪನ ಮಗ ಪಿಯುಸಿ ಎರಡನೇ ವರ್ಷ, ಒಳ್ಳೆಯ ರೇಡರ್. ಅವನಿಗೂ ಒಂದು ಕರೆ ಬಂದಿದೆಯಂತೆ, ಫೀ ಇಲ್ಲ, ಹಾಸ್ಟೆಲ್ ಪುಕ್ಕಟೆ, ಸದ್ಯ ಯಾರಿಗೂ ಹೇಳಬೇಡ ಎಂದು. ಹೋಗುವುದು ತಪ್ಪು ಎಂದು ನಾನು ಹೇಳಲಿಲ್ಲ. ಬೇರೆ ಊರಲ್ಲಿ ಒಳ್ಳೆಯ ಮ್ಯಾಟು, ಒಳ್ಳೆಯ ಕೋಚ್ ಇದ್ದರೆ ಹೋಗಲೇಬೇಕು, ಬಾಲೂ ಪುಣೆಯಲ್ಲೇ ಉಳಿದಿದ್ದರೆ ರೋಲರ್ ಎಳೆಯುತ್ತಲೇ ಇರುತ್ತಿದ್ದರೇನೋ. ಹುಡುಗನನ್ನು ಜಮಖಂಡಿಗೆ ಕರೆಸಿ, ಸರ್ ಮನೆಗೆ ಕರೆದುಕೊಂಡು ಹೋದೆ. ಸರ್ ಒಂದು ಹಾಳೆ ತೆಗೆದುಕೊಂಡು ಬರೆಸಿದರು: ಪ್ರವೇಶ ಯಾವ ತಾರೀಖಿಗೆ, ಟಿಸಿ ಯಾರು ತರಿಸುತ್ತಾರೆ, ಅರ್ಹತಾ ಪಟ್ಟಿಯಲ್ಲಿ ಹೆಸರು ಯಾವಾಗ ಬರುತ್ತದೆ, ಪೆಟ್ಟಾದರೆ ಹಾಸ್ಟೆಲ್ ಇರುತ್ತದೋ ಇಲ್ಲವೋ, ಪ್ರಮಾಣಪತ್ರ ಯಾರ ಹೆಸರಿಗೆ. ಕೊನೆಯ ಪ್ರಶ್ನೆ ಬರೆಸುವಾಗ ನನ್ನ ಕಡೆ ನೋಡಲಿಲ್ಲ.

ಹುಡುಗ ಅಲ್ಲಿಂದಲೇ ಆ ಕರೆ ಮಾಡಿದವರಿಗೆ ಫೋನ್ ಹಚ್ಚಿ, ಹಾಳೆ ನೋಡುತ್ತ ಒಂದೊಂದೇ ಪ್ರಶ್ನೆ ಕೇಳಿದ. ಮೂರನೆಯದಕ್ಕೆ ಬರುವಷ್ಟರಲ್ಲಿ ಆ ಕಡೆಯವರು, ನಾಳೆ ಪ್ರಾಚಾರ್ಯರನ್ನು ಕೇಳಿ ಹೇಳುತ್ತೇನೆ ಎಂದು ಫೋನ್ ಇಟ್ಟರು. ಇನ್ನೂ ಹೇಳಿಲ್ಲ. ಹುಡುಗ ದಿನವೂ ಸಂಜೆ ನನಗೆ ಫೋನ್ ಮಾಡಿ, ಏನು ಮಾಡಲಿ ಅಣ್ಣಾ ಎಂದು ಕೇಳುತ್ತಿದ್ದಾನೆ.